ಮುತ್ತಿನ ಟ್ಯಾಟೂ: ಅಂಗಡಿಯವರು ಹೇಳುವ 'ಪುರಾತನ ಅರ್ಥ' ನಿಜವಾ?

ಕಡಲಚಿಪ್ಪು: ಮಣಿಕಟ್ಟಿನ ಸುತ್ತ ಮುತ್ತಿನ ಸರದ ಟ್ಯಾಟೂ ಹಾಕಿಸಿಕೊಳ್ಳಬೇಕು ಅಂತ ಆಸೆ. ಅಂಗಡಿಯಲ್ಲಿ ಕೇಳಿದರೆ, ಮುತ್ತು ಅಂದರೆ ಪರಿಶುದ್ಧತೆ, ನೋವಿನಿಂದ ಹುಟ್ಟಿದ ಚೆಲುವು ಅಂದರು. ಈಜಿಪ್ಟಿನ ಹೆಂಗಸರು 4000 ವರ್ಷದ ಹಿಂದೆಯೇ ಮೈಮೇಲೆ ಮುತ್ತು ಬರೆಸಿಕೊಳ್ಳುತ್ತಿದ್ದರಂತೆ. ಹೌದಾ?

ಹಳೇಶಾಸನ: ಈಜಿಪ್ಟಿನ ಕತೆ ನಂಬಬೇಡಿ. ಅಲ್ಲಿನ ದೇರ್ ಎಲ್ ಬಹರಿ ಎಂಬ ಜಾಗದಲ್ಲಿ 1891ರಲ್ಲಿ ಅಮುನೆತ್ ಎಂಬ ಪೂಜಾರಿಣಿಯ, ಸುಮಾರು 4000 ವರ್ಷ ಹಳೆಯ ಮಮ್ಮಿ ಸಿಕ್ಕಿತು. ಹೊಟ್ಟೆ, ತೊಡೆಯ ಮೇಲೆ ಚುಕ್ಕಿ, ಗೆರೆಗಳ ಹಚ್ಚೆ ಇದೆ. ಅದು ಮಣಿಗಳ ಬಲೆಯಂತೆ ಕಾಣುತ್ತದೆ ಅನ್ನುವವರಿದ್ದಾರೆ, ಬಸಿರು ಬಾಣಂತನದಲ್ಲಿ ಕಾಪಾಡುವ ಗುರುತು ಅನ್ನುವವರೂ ಇದ್ದಾರೆ. ಆದರೆ ಮುತ್ತು ಅಲ್ಲಿ ಬಳಕೆಗೆ ಬಂದದ್ದು ತುಂಬಾ ತಡವಾಗಿ, ಟಾಲೆಮಿ ದೊರೆಗಳ ಕಾಲದ ಹೊತ್ತಿಗೆ, ಅಂದರೆ ಸುಮಾರು 2300 ವರ್ಷದ ಹಿಂದೆ. ಚುಕ್ಕಿಯೆಲ್ಲ ಮುತ್ತಲ್ಲ.

ಬಿಸಿಲುಮಳೆ: ಅರ್ಥ ಅನ್ನೋದು ಹಾಕಿಸಿಕೊಳ್ಳುವವರದ್ದು, ಅಲ್ವಾ? ಮರಳಿನ ಕಣ ಚುಚ್ಚಿ, ಚಿಪ್ಪು ನೋವು ತಿಂದು ಮುತ್ತು ಮಾಡುತ್ತದೆ. ಕಾಯಿಲೆಯಿಂದ ಎದ್ದು ಬಂದವರಿಗೆ ಅದಕ್ಕಿಂತ ಒಳ್ಳೆಯ ಗುರುತು ಯಾವುದಿದೆ?

ಹಳೇಶಾಸನ: ನಿಮ್ಮ ಭಾವನೆಗೆ ನನ್ನ ತಕರಾರಿಲ್ಲ. ಅದನ್ನು ಪುರಾತನ ಅಂತ ಮಾರುವುದಕ್ಕೆ ತಕರಾರು. ಮರಳಿನ ಕಣದಿಂದ ಮುತ್ತಾಗುವುದೂ ಅಪರೂಪ. ಹೆಚ್ಚಾಗಿ ಒಳಗೆ ಹೊಕ್ಕ ಪರೋಪಜೀವಿಯೋ ಗಾಯವೋ ಕಾರಣ. ಹಳಬರಿಗೆ ಮುತ್ತು ನೋವಿನ ಮಗು ಆಗಿರಲಿಲ್ಲ, ಆಕಾಶದ ನೀರಾಗಿತ್ತು. ಸ್ವಾತಿ ಮಳೆಯ ಹನಿ ಚಿಪ್ಪಿಗೆ ಬಿದ್ದರೆ ಮುತ್ತು ಅಂತ ನಮ್ಮವರು ನಂಬಿದ್ದರು. ರೋಮಿನ ಲೇಖಕ ಪ್ಲಿನಿ ಇಬ್ಬನಿಯಿಂದ ಹುಟ್ಟುತ್ತದೆ ಅಂತ ಬರೆದ. ಎಷ್ಟು ದೂರದ ಎರಡು ನಾಡು, ನೋಡಿ! ಅಥರ್ವವೇದದ 4ನೇ ಕಾಂಡದಲ್ಲಿ ಗಾಳಿ, ಮಿಂಚು, ಕಡಲಿನಿಂದ ಹುಟ್ಟಿದ ಶಂಖಮಣಿಯನ್ನು ಮೈಗೆ ಕಟ್ಟುವ ಮಂತ್ರವಿದೆ. ಅದರಲ್ಲಿ ಮುತ್ತನ್ನೂ ಹೆಸರಿಸಿದ್ದಾರೆ. ಬೇಡುವುದು ನೂರು ವರ್ಷದ ಆಯಸ್ಸು. ಬಿಸಿಲುಮಳೆಯವರೇ, ಕಾಯಿಲೆಯಿಂದ ಎದ್ದವರಿಗೆ ಇದೇ ಚೆನ್ನಾಗಿ ಒಪ್ಪುತ್ತದೆ.

ಬಿಸಿಲುಮಳೆ: ಇದು ಗೊತ್ತಿರಲಿಲ್ಲ. ಆದರೂ ಆಸ್ಪತ್ರೆಯಲ್ಲಿ ಮಲಗಿದ್ದ ನನ್ನ ಅಕ್ಕನಿಗೆ ಧೈರ್ಯ ಕೊಟ್ಟದ್ದು ಚಿಪ್ಪಿನ ಕತೆಯೇ. ಹೊಸದು ಅನ್ನುವ ಒಂದೇ ಕಾರಣಕ್ಕೆ ಅದನ್ನು ಬಿಡಲಾರೆ.

ಮನ್ನಾರ್‌ಕೊಲ್ಲಿ: ಎಲ್ಲರೂ ತೊಡುವವರ ಕಡೆಯಿಂದಲೇ ಮಾತಾಡುತ್ತಿದ್ದೀರಿ. ಮುತ್ತು ತೆಗೆಯಲು ಕಡಲಲ್ಲಿ ಮುಳುಗಿದವರು? ಮೊದಲ ಶತಮಾನದ ಗ್ರೀಕ್ ಕಡಲ ಕೈಪಿಡಿ ಪೆರಿಪ್ಲಸ್, ಈಗಿನ ತಮಿಳುನಾಡಿನಲ್ಲಿರುವ ಪಾಂಡ್ಯರ ಬಂದರು ಕೊರ್ಕೈಯಲ್ಲಿ ಮುತ್ತು ತೆಗೆಯಲು ಶಿಕ್ಷೆಗೊಳಗಾದ ಕೈದಿಗಳನ್ನು ಇಳಿಸುತ್ತಿದ್ದರು ಅನ್ನುತ್ತದೆ. ಸೊಂಟಕ್ಕೆ ಹಗ್ಗ, ಕಾಲಿಗೆ ಕಲ್ಲು ಕಟ್ಟಿಕೊಂಡು ಮುಳುಗುವ ಕೆಲಸ ಆ ಕರಾವಳಿಯಲ್ಲಿ ಮೊನ್ನೆಮೊನ್ನೆಯವರೆಗೂ ಇತ್ತು. ನೋವು ಚಿಪ್ಪಿನದ್ದಷ್ಟೇ ಅಲ್ಲ. ಸುಮ್ನೆ ಪರಿಶುದ್ಧತೆ ಅಂತ ಬರೆದು ಇವರನ್ನು ಅಳಿಸಬೇಡಿ.

ಸೂಜಿಶಾಯಿ: ನಾನು ಟ್ಯಾಟೂ ಹಾಕುವವಳು. ಅರ್ಥದ ಜೊತೆ ಚರ್ಮವನ್ನೂ ಯೋಚಿಸಿ. ಬಿಳಿ ಶಾಯಿ ಕಾಲ ಕಳೆದಂತೆ ಮಾಸುತ್ತದೆ, ಕಂದು ಮೈಗೆ ಹಳದಿಯಾಗಿಯೂ ಕಾಣಬಹುದು. ನಾನು ಸುತ್ತ ಬೂದು ನೆರಳು ಕೊಟ್ಟು ನಡುವೆ ಚರ್ಮವನ್ನೇ ಖಾಲಿ ಬಿಡುತ್ತೇನೆ. ಹೊಳಪು ನಿಮ್ಮ ಮೈಬಣ್ಣದಿಂದಲೇ ಬರುತ್ತದೆ. ತೀರಾ ಚಿಕ್ಕ ಮುತ್ತು ಬೇಡ, ಶಾಯಿ ಹರಡಿ ಸರವೆಲ್ಲ ಒಂದೇ ಗೆರೆಯಾಗುತ್ತದೆ.

ಕಡಲಚಿಪ್ಪು: ಹಾಗಾದರೆ ಸರ ಬೇಡ. ಒಂದೇ ದೊಡ್ಡ ಮುತ್ತು, ಮೇಲೆ ಮಳೆಯ ನಾಲ್ಕು ಗೆರೆ, ಕೆಳಗೆ ಮುಳುಗುವವರ ಹಗ್ಗ. ಸೂಜಿಶಾಯಿಯವರೇ, ಹಗ್ಗದ ಎಳೆ ಮಣಿಕಟ್ಟಿನಲ್ಲಿ ನಿಲ್ಲುತ್ತದಾ?

ಸೂಜಿಶಾಯಿ: ಮಣಿಕಟ್ಟು ಜಾಸ್ತಿ ಮಡಚುತ್ತದೆ, ಬಟ್ಟೆಗೂ ಉಜ್ಜುತ್ತದೆ. ಮಣಿಕಟ್ಟಿಗೂ ಮೊಣಕೈಗೂ ನಡುವೆ, ಮುಂಗೈಯ ಒಳಭಾಗಕ್ಕೆ ಹಾಕಿಸಿ, ಅಲ್ಲಿ ಚೆನ್ನಾಗಿ ಉಳಿಯುತ್ತದೆ.