ಎಂಟು ಸಾವಿರ ಪೌಂಡಿಗೆ ವೀಕೆಂಡ್ ಕಿಟ್ ಕಾರು: ಕಟ್ಟೋದಾ, ಕಟ್ಟಿರೋದನ್ನ ಕೊಳ್ಳೋದಾ?

ಮೂರನೇಗೇರ್:

ಎಲ್ಲರಿಗೂ ನಮಸ್ಕಾರ. ಇರೋದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಶನಿವಾರ-ಭಾನುವಾರ ಹಳ್ಳಿ ರಸ್ತೆಯಲ್ಲಿ ಓಡಿಸೋಕೆ ಲೋಟಸ್ ಸೆವೆನ್ (ಎರಡು ಸೀಟಿನ ಹಗುರ ಓಪನ್ ಕಾರು) ಥರದ ಕಿಟ್ ಕಾರು, ಅಂದ್ರೆ ಬಿಡಿಭಾಗ ತರಿಸಿ ಮನೇಲೇ ಜೋಡಿಸೋ ಕಾರು, ಬೇಕು. ಇನ್ಶೂರೆನ್ಸ್ ಬಿಟ್ಟು ಬಜೆಟ್ 8,000 ಪೌಂಡ್, ಹಾಗಾಗಿ ಈಗ ಸೆವೆನ್ ಮಾಡೋ ಕೇಟರಮ್ ಕಂಪನಿ ಕಾರಿನ ಆಸೆ ಬಿಟ್ಟಿದ್ದೀನಿ. ಸಿಂಗಲ್ ಗ್ಯಾರೇಜ್ ಇದೆ. ಸಾಕೆಟ್ ಸೆಟ್, ಟ್ರಾಲಿ ಜಾಕ್, ಆಕ್ಸಲ್ ಸ್ಟ್ಯಾಂಡ್ ಇವೆ, ವೆಲ್ಡಿಂಗ್ ಬರಲ್ಲ. ಎತ್ತರ ಆರಡಿ ಒಂದಿಂಚು, ಶೂ ಸೈಜ್ 11.

ಹಳೇ ಮಾಝ್ದಾ ಎಂಎಕ್ಸ್-5 ತಗೊಂಡು, ಬಿಚ್ಚಿ, ಕಿಟ್ ತರಿಸಿ ಕಟ್ಟೋದು ಒಳ್ಳೇದಾ? ಇಲ್ಲಾ ಯಾರೋ ಕಟ್ಟಿ ಮಾರ್ತಿರೋದನ್ನ ತಗೊಳ್ಳೋದಾ? ಎರಡನೇದಾದ್ರೆ ನೋಡೋಕೆ ಹೋದಾಗ ಏನೇನು ನೋಡ್ಬೇಕು?

ಪಿಂಟೋಪಂಡಿತ:

ಈ ಬಜೆಟ್ಟಿಗೆ, ವೆಲ್ಡಿಂಗ್ ಇಲ್ಲದೆ, ಬರೋ ಬೇಸಿಗೆಗೇ ಓಡಿಸ್ಬೇಕು ಅಂದ್ರೆ ಕಟ್ಟಿ ರಿಜಿಸ್ಟರ್ ಆಗಿರೋದನ್ನೇ ತಗೊಳ್ಳಿ. ಕಟ್ಟಿದವನು ಹಾಕಿದ ದುಡ್ಡು ಮಾರುವಾಗ ವಾಪಸ್ ಬರಲ್ಲ, ಈ ಮಾರ್ಕೆಟ್ಟೇ ಹಾಗೆ. ಆ ನಷ್ಟ ಅವನದಾಗಲಿ. ನವೆಂಬರ್‌ನಿಂದ ಫೆಬ್ರವರಿ ಒಳಗೆ ಹುಡುಕಿ. ಏಪ್ರಿಲ್‌ನಲ್ಲಿ ಬಿಸಿಲು ಬಿದ್ದ ತಕ್ಷಣ ಅದೇ ಕಾರಿನ ಬೆಲೆ ಏರುತ್ತೆ.

ಮೊದಲು ಕಾಗದ, ಆಮೇಲೆ ಕಾರು. ವಿ5ಸಿಯಲ್ಲಿ (ಬ್ರಿಟನ್ನಿನ ಕಾರು ನೋಂದಣಿ ಪತ್ರ) ಡಿ.1 ಮೇಕ್, ಡಿ.3 ಮಾಡೆಲ್, ಡಿ.5 ಬಾಡಿ ಟೈಪ್ ಓದಿ. ಅಲ್ಲಿ ಕಿಟ್‌ನ ಹೆಸರು ಇರಬೇಕು: ವೆಸ್ಟ್‌ಫೀಲ್ಡ್, ಟೈಗರ್, ಎಂಕೆ, ಜಿಬಿಎಸ್, ಯಾವುದೋ ಒಂದು. ಬರೀ ಡೋನರ್ ಕಾರಿನ (ಎಂಜಿನ್, ಗೇರ್‌ಬಾಕ್ಸ್ ಕಳಚಿಕೊಂಡ ಹಳೇ ಕಾರು) ಹೆಸರಿದ್ರೆ ಅಲ್ಲೇ ಬ್ರೇಕ್ ಹಾಕಿ. 1998ರಿಂದ ಈಚೆಗೆ ಕಟ್ಟಿದ ಕಾರಿಗೆ ಎಸ್‌ವಿಎ ಟೆಸ್ಟ್ (ರಸ್ತೆಗಿಳಿಯೋ ಮುಂಚೆ ಆ ಒಂದು ಕಾರಿಗೆ ಸರ್ಕಾರ ಮಾಡೋ ಪರೀಕ್ಷೆ) ಆಗಿರಬೇಕು, 2009ರಲ್ಲಿ ಅದರ ಜಾಗಕ್ಕೆ ಐವಿಎ ಬಂತು. ಆ ಸರ್ಟಿಫಿಕೇಟಿನ ಪ್ರತಿ ಕೇಳಿ. ಚಾಸಿ ಮೇಲೆ ಪಂಚ್ ಮಾಡಿರೋ ನಂಬರ್ ವಿ5ಸಿಯ 'ಇ' ಸಾಲಿನ ಜೊತೆ ಅಕ್ಷರಕ್ಕೆ ಅಕ್ಷರ ತಾಳೆ ಆಗಬೇಕು. ಹೊರಡೋಕೆ ಮುಂಚೆ ಸರ್ಕಾರದ ಸೈಟಿನಲ್ಲಿ ಕಾರಿನ ನಂಬರ್ ಟೈಪ್ ಮಾಡಿ ಎಂಒಟಿ (ವರ್ಷವರ್ಷದ ಕಾರು ತಪಾಸಣೆ) ಹಿಸ್ಟರಿ ನೋಡಿ, ಪುಕ್ಕಟೆ. ವರ್ಷಕ್ಕೆ ನೂರಿನ್ನೂರು ಮೈಲಿ ಮಾತ್ರ ಓಡಿದ್ರೆ ಖುಷಿ ಪಡಬೇಡಿ. ನಿಂತೇ ಇದ್ದ ಕಾರಿನಲ್ಲಿ ಬ್ರೇಕ್ ಕ್ಯಾಲಿಪರ್ ಹಿಡ್ಕೊಂಡಿರುತ್ತೆ, ಟ್ಯಾಂಕಿನಲ್ಲಿ ಪೆಟ್ರೋಲ್ ಹಳಸಿರುತ್ತೆ, ಟೈರ್ ಕಲ್ಲಾಗಿರುತ್ತೆ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2316 ಅಂದ್ರೆ 2016ರ 23ನೇ ವಾರ. ಟ್ರೆಡ್ ಹೊಸದರಂಗೆ ಇದ್ರೂ ಅದು ಬದಲಾಯಿಸೋ ಟೈರೇ, ನಾಲ್ಕರ ದುಡ್ಡು ರೇಟಿನಲ್ಲಿ ಕಳೆಯಿರಿ.

ಆಮೇಲೆ ಚಾಸಿ. ಟಾರ್ಚ್, ಸಣ್ಣ ಕನ್ನಡಿ, ಹಾಸಿಕೊಳ್ಳೋಕೆ ಒಂದು ರಟ್ಟು ತಗೊಂಡು ಹೋಗಿ ಕೆಳಗೆ ಮಲಗಿ. ಉಕ್ಕಿನ ಚೌಕ ಟ್ಯೂಬಿಗೆ ಅಲ್ಯುಮಿನಿಯಂ ಶೀಟ್ ರಿವೆಟ್ ಹೊಡೆದಿರುತ್ತಾರೆ. ನೀರು ನಿಂತರೆ ಎರಡು ಲೋಹದ ಮಧ್ಯೆ ತುಕ್ಕು ಓಡುತ್ತೆ. ರಿವೆಟ್ ತಲೆ ಸುತ್ತ ಬಿಳಿ ಪುಡಿ ಕಂಡ್ರೆ ಅದೇ ಲಕ್ಷಣ. ಪೌಡರ್ ಕೋಟಿಂಗ್ ಮೇಲೆ ನೋಡೋಕೆ ಚೆಂದ ಇದ್ದು ಒಳಗೆ ಬೊಬ್ಬೆ ಎದ್ದಿರಬಹುದು. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ, ಟಣ್ ಅನ್ನದೆ ಪೊಳ್ಳು ಸದ್ದು ಬಂದ ಜಾಗ ಗುರುತು ಮಾಡ್ಕೊಳ್ಳಿ. ಮುಂದಿನ ವಿಶ್‌ಬೋನ್ (ಚಕ್ರ ಹಿಡಿಯೋ ತೋಳು) ಬ್ರಾಕೆಟ್, ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಕೆಳಗಿನ ಮೌಂಟ್, ಡಿಫ್ (ಹಿಂದಿನ ಡಿಫರೆನ್ಷಿಯಲ್) ಮೌಂಟ್, ಈ ಮೂರು ಕಡೆ ವೆಲ್ಡ್ ಪಕ್ಕದಲ್ಲಿ ಕೂದಲೆಳೆಯಷ್ಟು ಕಂದು ಗೆರೆ ಇದ್ರೆ ಅದು ಕೊಳೆ ಅಲ್ಲ, ಬಿರುಕು. ಬಟ್ಟೆಯಿಂದ ಒರೆಸಿ ನೋಡಿ, ಹೋಗಲ್ಲ.

ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ನೀವು ಬರೋ ಮುಂಚೆ ಬಿಸಿ ಮಾಡಿಟ್ಟಿದ್ರೆ ಯಾಕೆ ಅಂತ ಕೇಳಿ. ಫೋರ್ಡ್ 2.0 ಪಿಂಟೋ ಎಂಜಿನ್ ಆದ್ರೆ ಕ್ಯಾಮ್ (ವಾಲ್ವ್ ತೆರೆಯೋ ದಂಡ) ಮೇಲೆ ಎಣ್ಣೆ ಚಿಮುಕಿಸೋ ಸ್ಪ್ರೇ ಬಾರ್‌ನ ತೂತು ಕಟ್ಟಿಕೊಂಡು ಲೋಬ್ ಸವೆಯುತ್ತೆ. ಮೇಲುಗಡೆ ಟಿಕ್‌ಟಿಕ್ ಸದ್ದು ಬಂದ್ರೆ ರಾಕರ್ ಕವರ್ ತೆಗೆಸಿ ನೋಡದೆ ದುಡ್ಡು ಕೊಡಬೇಡಿ. ಮುಂದಿನ ಹೊಸ ಕ್ಯಾಮ್ ಕೂಡ ಅದೇ ಕಾರಣಕ್ಕೆ ಹೋಗುತ್ತೆ, ಹಾಗಾಗಿ ಬಾರ್ ಸೇರಿಸಿಯೇ ಬದಲಾಯಿಸ್ಬೇಕು. ಯಾವ ಎಂಜಿನ್ನೇ ಇರಲಿ, ನಿಂತಲ್ಲೇ ಓಡೋಕೆ ಬಿಟ್ಟು ಫ್ಯಾನ್ ಎರಡು ಸಲ ಆನ್ ಆಗಿ ಆಫ್ ಆಗೋವರೆಗೆ ಕಾಯಿರಿ. ಸೆವೆನ್ ಥರದ ಕಾರಿನ ಮೂಗು ತಗ್ಗು, ರೇಡಿಯೇಟರ್ ಎಂಜಿನ್‌ಗಿಂತ ಕೆಳಗೆ ಕೂತಿರುತ್ತೆ, ಗಾಳಿ ಮೇಲೇ ಸಿಕ್ಕಿಕೊಳ್ಳುತ್ತೆ. ಫ್ಯಾನ್ ಬಂದೂ ಟೆಂಪರೇಚರ್ ಮುಳ್ಳು ಏರ್ತಾನೇ ಇದ್ರೆ ಏರ್‌ಲಾಕ್ ಅಥವಾ ತಪ್ಪಾಗಿ ಹಾಕಿದ ಹೋಸ್.

ಕೊನೇದು, ಅದೇ ಮುಖ್ಯ: ಶೂ ಹಾಕ್ಕೊಂಡು ಹೋಗಿ ಕೂತ್ಕೊಳ್ಳಿ. ಸೈಜ್ 11ಕ್ಕೆ ಎಷ್ಟೋ ಸೆವೆನ್‌ಗಳಲ್ಲಿ ಬ್ರೇಕ್ ಒತ್ತಿದ್ರೆ ಆಕ್ಸಿಲರೇಟರೂ ಒತ್ತುತ್ತೆ. ವೆಸ್ಟ್‌ಫೀಲ್ಡ್‌ನ ವೈಡ್ ಬಾಡಿ ಅಥವಾ ಎಂಎಕ್ಸ್-5 ಆಧಾರದ ಅಗಲವಾದ ಚಾಸಿ ಹುಡುಕಿ. ತೆಳು ಅಡಿಯ ಶೂ ಒಂದು ಜೊತೆ ಹೇಗಿದ್ರೂ ಬೇಕಾಗುತ್ತೆ.

ಕುಡ್ಲಸ್ಪ್ಯಾನರ್:

ಪಂಡಿತರು ಹೇಳಿದ್ದು ಸರಿ ಮಾರಾಯ್ರೆ, ಆದ್ರೆ ಕಟ್ಟುವುದೇ ನಿಮಗೆ ಮಜಾ ಅಂತಾದ್ರೆ ಲೆಕ್ಕ ಬೇರೆ. ವೆಲ್ಡಿಂಗ್ ಬಾರದವರಿಗೆ ಹೇಳಿ ಮಾಡಿಸಿದ್ದು ಎಂಇವಿ ಎಕ್ಸೊಸೆಟ್ ತರಹದ ಕಿಟ್. ಎಂಎಕ್ಸ್-5ರಲ್ಲಿ ಗೇರ್‌ಬಾಕ್ಸ್ ಮತ್ತು ಡಿಫ್ ನಡುವೆ ಪಿಪಿಎಫ್ ಅನ್ನುವ ಅಲ್ಯುಮಿನಿಯಂ ಬೆನ್ನೆಲುಬು ಉಂಟು. ಬಾಡಿ ಮೇಲೆತ್ತಿದ್ರೆ ಎಂಜಿನ್, ಬಾಕ್ಸ್, ಡಿಫ್, ಎರಡೂ ಸಬ್‌ಫ್ರೇಮ್ ಒಟ್ಟಿಗೆ ಚಕ್ರದ ಮೇಲೆ ನಿಲ್ಲುತ್ತದೆ. ಅದರ ಮೇಲೆ ಹೊಸ ಚಾಸಿ ಇಳಿಸುವುದು. ಸೆವೆನ್ ಆಕಾರ ಅಲ್ಲ ಅದು, ಮೈಮೇಲೆ ಬಟ್ಟೆ ಕಡಿಮೆ ಹಾಕಿದ ಹಾಗೆ ಕಾಣ್ತದೆ. ಆದ್ರೆ ಓಡುವುದು ಚಂದ.

ಡೋನರ್‌ಗೆ ಸಿಲ್ (ಬಾಗಿಲ ಕೆಳಗಿನ ಪಟ್ಟಿ) ಪೂರ್ತಿ ತುಕ್ಕು ಹಿಡಿದು ಎಂಒಟಿಯಲ್ಲಿ ಫೇಲ್ ಆದ ಕಾರೇ ಬೆಸ್ಟ್. ಶೆಲ್ ಹೇಗೂ ಗುಜರಿಗೆ. ಆದರೆ ಎಂಜಿನ್ ನೋಡಿ ತಗೊಳ್ಳಿ. 1989-91ರ 1.6ರಲ್ಲಿ ಕ್ರ್ಯಾಂಕ್‌ಶಾಫ್ಟಿನ ಮೂಗು (ಮುಂದಿನ ತುದಿ) ಗಿಡ್ಡ, ಬೋಲ್ಟ್ ಸರಿಯಾಗಿ ಟೈಟ್ ಆಗದಿದ್ರೆ ಕೀ ಕೂರುವ ಕಚ್ಚು ಸವೆದು ಟೈಮಿಂಗ್ ಅಲ್ಲಾಡ್ತದೆ. ಮುಂದಿನ ಪುಲ್ಲಿಯಲ್ಲಿ 4 ಸ್ಲಾಟ್ ಕಂಡ್ರೆ ಗಿಡ್ಡ ಮೂಗು, 8 ಇದ್ರೆ ಉದ್ದ. 8ರದ್ದೇ ಹುಡುಕಿ. 1995ರ ನಂತರದ ಬ್ರಿಟಿಷ್ 1.6ಕ್ಕೆ ಸುಮಾರು 90 ಕುದುರೆ ಮಾತ್ರ, ಮೊದಲಿನದಕ್ಕೆ 115. ಸಿಕ್ಕಿದ್ರೆ 1.8 ತಗೊಳ್ಳಿ.

ಬಿಚ್ಚುವಾಗ: ವಯರಿಂಗ್ ಲೂಮ್ (ತಂತಿಗಳ ಕಟ್ಟು) ಕತ್ತರಿಸ್ಲೇಬೇಡಿ. ಪ್ರತಿ ಪ್ಲಗ್ಗಿಗೂ ಟೇಪ್ ಸುತ್ತಿ ಹೆಸರು ಬರೆದು, ಫೋಟೊ ತೆಗೆದು, ಇಡೀ ಲೂಮನ್ನು ಹಾಗೇ ಎಳೆದುಕೊಳ್ಳಿ. ಇಮೊಬಿಲೈಸರ್ (ಕಳ್ಳತನ ತಡೆಯುವ ಸಾಧನ) ಇದ್ದ ಕಾರಾದ್ರೆ ಕೀ, ಇಸಿಯು (ಎಂಜಿನ್ ಕಂಪ್ಯೂಟರ್), ಇಮೊಬಿಲೈಸರ್ ಮೂರೂ ಒಂದೇ ಸಂಸಾರ, ಬೇರೆ ಮಾಡಿದ್ರೆ ಸ್ಟಾರ್ಟ್ ಆಗುವುದಿಲ್ಲ. ಕೆಳಗಿನ ಆರ್ಮ್‌ನ ಉದ್ದ ಬೋಲ್ಟ್ ಬುಷ್ ಒಳಗಿನ ಕೊಳವೆಗೆ ಕಚ್ಚಿಕೊಂಡಿರ್ತದೆ. ಸುತ್ತಿಗೆಯಲ್ಲಿ ಹೊಡೆದು ಸಬ್‌ಫ್ರೇಮ್ ಬೆಂಡ್ ಮಾಡುವ ಬದಲು ಎರಡೂ ಬದಿಯಲ್ಲಿ ಗರಗಸ ಹಾಕಿ ತುಂಡು ಮಾಡಿ, ಹೊಸ ಬೋಲ್ಟ್ ಮತ್ತು ಬುಷ್ ಸೆಟ್ಟಿಗೆ ಮೊದಲೇ ದುಡ್ಡು ತೆಗೆದಿಡಿ.

ಸಿಂಗಲ್ ಗ್ಯಾರೇಜಲ್ಲಿ ಡೋನರ್ ಮತ್ತು ಹೊಸ ಚಾಸಿ ಎರಡೂ ಹಿಡಿಯುವುದಿಲ್ಲ. ಶೆಲ್ ಹೊರಗೆ ಹೋದ ಮೇಲೆ ಕಿಟ್ ಡೆಲಿವರಿ ತಾರೀಕು ಹೇಳಿ. ಬಾಗಿಲು, ಸಾಫ್ಟ್ ಟಾಪ್, ಸೀಟು, ಹಾರ್ಡ್ ಟಾಪ್ ಇದ್ರೆ ಅದೂ, ಮಾರಿದ್ರೆ ಡೋನರ್ ಬೆಲೆಯ ದೊಡ್ಡ ಪಾಲು ವಾಪಸ್ ಬರ್ತದೆ. ಜಾಹೀರಾತಿನ ಕಿಟ್ ಬೆಲೆ ನೋಡಿ ಮರುಳಾಗಬೇಡಿ: ಬ್ರೇಕ್ ಪೈಪ್, ಹೋಸ್, ಕ್ಲಿಪ್, ಹಾರ್ನೆಸ್, ಸೀಟ್, ಲೈಟು, ಟೈರು, ಎಣ್ಣೆ, ಟೆಸ್ಟ್ ಫೀ, ಎಲ್ಲ ಸೇರಿ ಎಂಟು ಸಾವಿರದೊಳಗೆ ಮುಗಿಸುವುದು ಕಷ್ಟ. ಒಂದು ಸಾವಿರ ಬದಿಗೆ ಇಟ್ಟೇ ಶುರು ಮಾಡಿ.

ಹುಬ್ಬಳ್ಳಿನಟ್ಟುಬೋಲ್ಟು:

ಕಟ್ಟೂದು ದೊಡ್ಡದಲ್ರೀ, ಐವಿಎ ಪಾಸ್ ಮಾಡ್ಸೂದು ದೊಡ್ಡದು. ಸ್ವಂತ ಕಟ್ಟಿದ ಕಾರಿಗೆ ಫೀ 450 ಪೌಂಡ್, ಫೇಲ್ ಆದ್ರ ಮತ್ತ 90. ಜನ ಎಂಜಿನ್ನಿನಾಗ ಫೇಲ್ ಆಗೂದಿಲ್ಲ, ಇಂಥಾ ಸಣ್ಣ ಸಣ್ಣ ವಿಷಯದಾಗ ಆಗ್ತಾರ:

ಹೊರಗ ಕೈಗೆ ಸಿಗೂ ಅಂಚಿಗೆಲ್ಲಾ ಕಡಿಮಿ ಅಂದ್ರ 2.5 ಮಿ.ಮೀ. ರೇಡಿಯಸ್ ಬೇಕು. 100 ಮಿ.ಮೀ. ಚೆಂಡು ತಾಗೂ ಜಾಗ ಎಲ್ಲಾ ಲೆಕ್ಕಕ್ಕ ಬರ್ತದ. ಮಡ್‌ಗಾರ್ಡ್ ಅಂಚಿಗೆ ರಬ್ಬರ್ ಟ್ರಿಮ್, ಸಸ್ಪೆನ್ಷನ್ ನಟ್ಟಿಗೆ ಪ್ಲಾಸ್ಟಿಕ್ ಟೊಪ್ಪಿಗಿ ಹಾಕ್ರಿ.

ಬ್ರೇಕ್ ಒತ್ತಿದಾಗ ಹಿಂದಿನ ಚಕ್ರ ಮೊದ್ಲ ಲಾಕ್ ಆಗಬಾರ್ದು. ಡೋನರ್ ಟನ್ ತೂಕದ್ದು, ನಿಮ್ಮ ಕಾರು ಅದಕ್ಕಿಂತ ಮೂರನೇ ಒಂದು ಭಾಗ ಹಗೂರ, ಬ್ರೇಕು ಮಾತ್ರ ಅವ. ಹಿಂದಿನ ಬ್ರೇಕಿನ ಜೋರು ಇಳಿಸಾಕ ಬಯಸ್ ವಾಲ್ವ್ ಹಾಕಿದ್ರ ಅದನ್ನ ತಿರುಗದಂಗ ಲಾಕ್ ಮಾಡ್ಬೇಕು. ಸೀಟಿನ್ಯಾಗ ಕುಂತು ತಿರುಗಿಸೂ ಗುಂಡಿ ನಡ್ಯಂಗಿಲ್ಲ.

ಸ್ಟಿಯರಿಂಗ್ ತಿರುಗಿಸಿ ಬಿಟ್ರ ತಾನ ನೆಟ್ಟಗಾಗಬೇಕು. ಫೋರ್ಡ್ ಸಿಯೆರಾ ಭಾಗದ ಕಾರುಗೋಳು ಕ್ಯಾಸ್ಟರ್ (ಸ್ಟಿಯರಿಂಗ್ ಅಕ್ಷ ಹಿಂದಕ್ಕ ವಾಲೂ ಕೋನ) ಕಡಿಮಿ ಇಟ್ಟು ಇಲ್ಲೇ ಸಿಗಬೀಳ್ತಾವ. ಬುಕ್ ಮಾಡೂಕಿಂತ ಮೊದ್ಲ ಅಲೈನ್‌ಮೆಂಟ್ ಮಾಡ್ಸ್ರಿ.

ಎಕ್ಸಾಸ್ಟ್ ಸದ್ದು 99 ಡೆಸಿಬಲ್ ದಾಟಬಾರ್ದು, ಅಳಿಯೂದು ಗರಿಷ್ಠ ಪವರ್ ಬರೂ ಆರ್‌ಪಿಎಂನ ಮುಕ್ಕಾಲಿನಾಗ. ಸೈಲೆನ್ಸರ್ ಒಳಗಿನ ಹತ್ತಿಯಂಥಾ ನಾರು ಸುಟ್ಟಿದ್ರ ಹೊಸದು ತುಂಬ್ರಿ, ಅಗ್ಗ. ಸ್ಪೀಡೋಮೀಟರ್ ಹೆಚ್ಚು ತೋರ್ಸಿದ್ರ ಒಂದಿಷ್ಟು ಮಾಫಿ ಐತಿ, ಕಡಿಮಿ ತೋರ್ಸಿದ್ರ ಇಲ್ಲ. ಟೈರ್ ಸೈಜ್ ಬದಲ್ ಮಾಡಿದವರು ಇದನ್ನ ಮರೀತಾರ. ಪೆಟ್ರೋಲ್ ಮುಚ್ಚಳ ಕಳಚಿ ಬಿದ್ದು ಹೋಗೂ ಥರದ್ದು ಇರಬಾರ್ದು.

ಇನ್ನ ನಂಬರ್. ಹೊಸಾ ಚಾಸಿ ಜೊತಿ ಒಂದ ಡೋನರಿನ ಎರಡು ಮುಖ್ಯ ಭಾಗ ಬಳಸೀರಿ ಅಂತ ಕಾಗದದ ಮ್ಯಾಲೆ ತೋರ್ಸಿದ್ರ ಡಿವಿಎಲ್‌ಎ (ಗಾಡಿ ನೋಂದಣಿ ಮಾಡೂ ಸರ್ಕಾರಿ ಸಂಸ್ಥೆ) ಡೋನರಿನ ವಯಸ್ಸಿನ ನಂಬರ್ ಕೊಡ್ತದ. ತೋರ್ಸಾಕ ಆಗ್ಲಿಲ್ಲಂದ್ರ ಕ್ಯೂ ಪ್ಲೇಟ್, ಅಂದ್ರ ವಯಸ್ಸು ಖಾತ್ರಿ ಇಲ್ಲದ ಗಾಡಿಗೆ ಕೊಡೂ ಕ್ಯೂ ಅಕ್ಷರದ ನಂಬರ್. ಕ್ಯೂ ಇದ್ರೂ ಓಡಿಸ್ಬಹುದು, ಆದ್ರ ಮಾರೂಮುಂದ ರೇಟ್ ಬೀಳ್ತದ, ಪ್ರೈವೇಟ್ ನಂಬರೂ ಹಾಕಾಕ ಬರೂದಿಲ್ಲ. ಅದಕ್ಕ ಡೋನರಿನ ವಿ5ಸಿ ಬಿಚ್ಚೂಕಿಂತ ಮೊದ್ಲ ನಿಮ್ಮ ಹೆಸರಿಗೆ ಮಾಡ್ಕೋರಿ, ಎಲ್ಲಾ ಬಿಲ್ ಇಟ್ಕೋರಿ. ವಿ627/1 ಫಾರ್ಮಿನ ಜೊತಿ ಅವೆಲ್ಲಾ ಬೇಕು.

ಜಯನಗರ4ಬ್ಲಾಕ್:

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಇದನ್ನೇ ಬೆಂಗಳೂರಲ್ಲಿ ಮಾಡೋಕಾಗುತ್ತಾ? ಹಳೇ ಜಿಪ್ಸಿ ಎಂಜಿನ್ ಇಟ್ಕೊಂಡು?

ಪಿಂಟೋಪಂಡಿತ:

ರಸ್ತೆಗೆ ಆಗಲ್ಲ ಗುರು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗಿ ಗಾಡಿ ಬದಲಾಯಿಸೋದನ್ನ ತಡೆಯುತ್ತೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡೀತು. ಹೊಸ ಗಾಡಿ ಅಂತ ತೋರಿಸಿದ್ರೆ ಪುಣೆಯ ಎಆರ್‌ಎಐ ಥರದ ವಾಹನ ಪರೀಕ್ಷಾ ಏಜೆನ್ಸಿಯಲ್ಲಿ ಪ್ರೊಟೊಟೈಪ್ ಅನುಮೋದನೆ ಬೇಕು, ಅದು ಫ್ಯಾಕ್ಟರಿಗಳಿಗೆ ಮಾಡಿದ ದಾರಿ. ಇಲ್ಲಿಯ ಐವಿಎ ಥರ ಒಬ್ಬ ಮನುಷ್ಯ ಒಂದು ಕಾರು ತಗೊಂಡು ಹೋಗಿ ಪಾಸ್ ಮಾಡಿಸೋ ವ್ಯವಸ್ಥೆ ಅಲ್ಲ. ಟ್ರೇಲರ್ ಮೇಲೆ ಹೇರಿ ಚೆನ್ನೈ ಅಥವಾ ಕೊಯಮತ್ತೂರು ಟ್ರ್ಯಾಕಿಗೆ ಒಯ್ಯೋ ಹಾಗಿದ್ರೆ ಮಾತ್ರ ಯೋಚಿಸಿ.

ಮೂರನೇಗೇರ್:

ಎಲ್ಲರಿಗೂ ಧನ್ಯವಾದ. ಕಟ್ಟಿರೋದನ್ನೇ ಕೊಳ್ಳೋದು ಅಂತ ತೀರ್ಮಾನ. ಎರಡು ಜಾಹೀರಾತು ಕಣ್ಣಿಗೆ ಬಿದ್ದಿವೆ, ಹೇಳಿ.

ಒಂದು: ಬೈಕ್ ಎಂಜಿನ್ ಹಾಕಿದ ಸೆವೆನ್, 7,500. ಇನ್ನೊಂದು: ಸಿಯೆರಾ ಡೋನರ್, 2.0 ಪಿಂಟೋ, 2003ರಲ್ಲಿ ಕಟ್ಟಿದ್ದು, 4,200. ವಿ5ಸಿ ಫೋಟೊ ಕಳಿಸಿದ್ದಾರೆ: ಮೇಕ್ ಫೋರ್ಡ್, ಮಾಡೆಲ್ ಸಿಯೆರಾ, ಬಾಡಿ ಟೈಪ್ 5 ಡೋರ್ ಹ್ಯಾಚ್‌ಬ್ಯಾಕ್. 'ಇನ್ಶೂರೆನ್ಸ್ ಯಾವತ್ತೂ ತೊಂದರೆ ಆಗಿಲ್ಲ' ಅಂತಾರೆ.

ಕುಡ್ಲಸ್ಪ್ಯಾನರ್:

ಬೈಕ್ ಎಂಜಿನ್ ಟ್ರ್ಯಾಕಿಗೆ ಮಜಾ, ನಿಮ್ಮ ಕೆಲಸಕ್ಕೆ ಅಲ್ಲ. ರಿವರ್ಸ್‌ಗೆ ಬೇರೆ ಬಾಕ್ಸ್ ಅಥವಾ ಎಲೆಕ್ಟ್ರಿಕ್ ಮೋಟರ್ ಇರ್ತದೆ. ಗುಡ್ಡದಲ್ಲಿ ಇಬ್ಬರು ಕೂತು ಹೊರಟ್ರೆ ಕ್ಲಚ್ ಸವೆಯುತ್ತದೆ. ಬೈಕ್ ವಾಲ್ತದೆ, ಕಾರು ವಾಲುವುದಿಲ್ಲ, ಹಾಗಾಗಿ ತಿರುವಿನಲ್ಲಿ ಸಂಪ್‌ನ (ಎಂಜಿನ್ ಅಡಿಯ ಎಣ್ಣೆ ತಟ್ಟೆ) ಎಣ್ಣೆ ಒಂದು ಬದಿಗೆ ಸರಿದು ಎಣ್ಣೆ ಎಳೆಯುವ ಪಿಕಪ್ ಗಾಳಿ ಕುಡಿತದೆ. ಬ್ಯಾಫಲ್ (ಎಣ್ಣೆ ಸರಿಯದಂತೆ ತಡೆಯುವ ತಗಡು) ಹಾಕಿದ ಸಂಪ್ ಇದೆಯಾ ಕೇಳಿ, ಇಲ್ಲ ಅಂದ್ರೆ ಬಿಡಿ.

ಪಿಂಟೋಪಂಡಿತ:

ಎರಡನೇದು ನೋಡೋಕೂ ಹೋಗಬೇಡಿ. 2003ರಲ್ಲಿ ಕಟ್ಟಿದ್ದು ಅಂದ್ರೆ ಎಸ್‌ವಿಎ ಆಗಿರಲೇಬೇಕಿತ್ತು. ಆಗಿದ್ರೆ ವಿ5ಸಿಯಲ್ಲಿ ಐದು ಬಾಗಿಲಿನ ಹ್ಯಾಚ್‌ಬ್ಯಾಕ್ ಅಂತ ಇರ್ತಿರಲಿಲ್ಲ. ಎರಡು ಸೀಟಿನ, ಬಾಗಿಲೇ ಇಲ್ಲದ ಕಾರು ಸಿಯೆರಾ ಹೆಸರಲ್ಲಿ ಓಡ್ತಿದೆ ಅಷ್ಟೇ. ಇನ್ಶೂರೆನ್ಸ್ ತೊಂದರೆ ಆಗಿಲ್ಲ ಅಂದ್ರೆ ಅವರು ಇನ್ನೂ ಕ್ಲೈಮ್ ಮಾಡಿಲ್ಲ ಅಂತ ಅರ್ಥ. ಇದನ್ನ ಸರಿ ಮಾಡೋಕೆ ಈಗ ಪೂರ್ತಿ ಐವಿಎ ಮಾಡಿಸ್ಬೇಕು. ಇಪ್ಪತ್ತು ವರ್ಷದ ಹಿಂದೆ ಟೆಸ್ಟನ್ನ ಯೋಚಿಸದೇ ಕಟ್ಟಿದ ಕಾರಿಗೆ ಅದು ಅರ್ಧ ಕಾರು ಬಿಚ್ಚೋ ಕೆಲಸ. ಎಸ್‌ವಿಎ ಸರ್ಟಿಫಿಕೇಟ್ ಇದೆಯಾ ಅಂತ ಒಂದು ಮೆಸೇಜ್ ಹಾಕಿ. ಇಲ್ಲ ಅಂದ್ರೆ ಅದರ ಬೆಲೆ ಬರೀ ಬಿಡಿಭಾಗದ ಬೆಲೆ: ಚಕ್ರ, ಗೇರ್‌ಬಾಕ್ಸ್, ಡಿಫ್ ಸೇರಿ ಸಾವಿರದ ಆಸುಪಾಸು.

ಹುಡುಕುವಾಗ ಫೋರ್ಡಿನ ಝೆಟೆಕ್ ಎಂಜಿನ್ನಿನ ವೆಸ್ಟ್‌ಫೀಲ್ಡ್ ಅಥವಾ ಎಂಎಕ್ಸ್-5 ಆಧಾರದ ಜಿಬಿಎಸ್ ಝೀರೋ ಕಡೆ ನೋಡಿ. ತಗೊಂಡ ಮೇಲೆ ಟೈರ್ ಗಾಳಿ 18-20 ಪಿಎಸ್‌ಐಗೆ ಇಳಿಸಿ. ಡೋನರ್ ಕಾರಿನ 26 ಇಟ್ಟರೆ ಇಷ್ಟು ಹಗುರದ ಕಾರು ಒದ್ದೆ ರಸ್ತೇಲಿ ಜಾರುತ್ತೆ. ಇನ್ಶೂರೆನ್ಸ್ ಮಾಡಿಸುವಾಗ ಅಗ್ರೀಡ್ ವ್ಯಾಲ್ಯೂ (ಕಾರಿನ ಬೆಲೆ ಮೊದಲೇ ಒಪ್ಪಿಕೊಳ್ಳೋದು) ಅಂತ ಬರೆಸಿ, ವರ್ಷಕ್ಕೆ 3,000 ಮೈಲಿ ಮಿತಿ ಒಪ್ಪಿದ್ರೆ ಪ್ರೀಮಿಯಂ ಇಳಿಯುತ್ತೆ.