ಪ್ರಿಫೆಕ್ಟ್ ಇ93ಎ: ಸೀಳಿದ ಆಕ್ಸಲ್‌ನ ಮುಂದಿನ ಸಸ್ಪೆನ್ಷನ್, ನಡು ಪಿನ್ನಿನಲ್ಲಿ ಆಟ, ಸ್ಟೀರಿಂಗ್ ನಡುಕ

ಹಳೆಬಂಡಿ:
ಗಾಡಿ ಫೋರ್ಡ್ ಪ್ರಿಫೆಕ್ಟ್ ಇ93ಎ, 1172 ಸಿಸಿ. ಮೂಲದ ಬೀಮ್ ಆಕ್ಸಲನ್ನು (ಎರಡು ಮುಂಚಕ್ರಗಳ ನಡುವಿನ ಒಂದೇ ತುಂಡಿನ ಅಡ್ಡ ತೊಲೆ) ನಡುವೆ ಕತ್ತರಿಸಿ, ಎರಡು ತುಂಡಿಗೂ ಕಣ್ಣು ಕೂರಿಸಿ, ಕ್ರಾಸ್‌ಮೆಂಬರ್ ಕೆಳಗಿನ ಬ್ರಾಕೆಟ್ಟಿಗೆ ಪಿನ್ ಹಾಕಿದ್ದಾರೆ. ಹಳೆ ಫೋರ್ಡ್‌ಗಳ ಆಕ್ಸಲನ್ನು ಹೀಗೆ ಸೀಳುತ್ತಿದ್ದ ಇಂಗ್ಲೆಂಡಿನ ಲೆಸ್ಲಿ ಬ್ಯಾಲಮಿಯ ಪದ್ಧತಿಯದು. ಅಡ್ಡ ಪಟ್ಟಿ ಸ್ಪ್ರಿಂಗ್ ಹಾಗೇ ಇದೆ. ಆಕ್ಸಲ್ ಹಿಂದೆಮುಂದೆ ಸರಿಯದಂತೆ ಹಿಡಿಯುವ ರೇಡಿಯಸ್ ಆರ್ಮನ್ನೂ ಸೀಳಿ, ಹಿಂದಿನ ತುದಿಗಳನ್ನು ಎರಡೂ ಬದಿಯ ಚಾಸಿ ರೈಲಿಗೆ ಬಾಲ್ ಜಾಯಿಂಟ್‌ನಲ್ಲಿ ಕಟ್ಟಿದ್ದಾರೆ. ಎರಡೂ ಚಕ್ರಗಳ ಸ್ಟೀರಿಂಗ್ ಆರ್ಮ್ ಜೋಡಿಸುವ ಟೈ ರಾಡ್ ಒಂದೇ ತುಂಡು.

ತೊಂದರೆ: 55–60 ಕಿ.ಮೀ. ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ, ಒಂದು ಚಕ್ರ ಗುಂಡಿಗೆ ಬಿದ್ದರೆ ಎಳೆಯುತ್ತದೆ, ಎಡ ಟೈರಿನ ಒಳ ಅಂಚು ಬೇಗ ಸವೆಯುತ್ತಿದೆ. ನಡು ಪಿನ್ನಿನ ಆಟ (ಸಡಿಲ) ಕಣ್ಣಿಗೇ ಕಾಣುತ್ತದೆ. ಕಿಂಗ್‌ಪಿನ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಯಾವುದರ ಸುತ್ತ ತಿರುಗುತ್ತದೋ ಆ ಪಿನ್), ಸ್ಟೀರಿಂಗ್ ಬಾಕ್ಸ್ ಸರಿಯಿವೆ. ಪಿನ್ನಿನ ಸುತ್ತ ಕಣ್ಣಿನೊಳಗೆ ಕೂರುವ ಬುಷ್ ಕಂಚಿನದು ಹಾಕಲೋ, ರಬ್ಬರಿನದೋ? ನಡುಕ ತಡೆಯುವ ಸ್ಟೀರಿಂಗ್ ಡ್ಯಾಂಪರ್ ಹಾಕಿದರೆ ಸಾಕಾಗುತ್ತದೆಯೇ?

ಲೇತ್‌ಮನೆ:
ಡ್ಯಾಂಪರ್ ಸದ್ಯಕ್ಕೆ ಬೇಡ ಸರ್, ಅದು ರೋಗ ಮುಚ್ಚಿಡುತ್ತದೆ ಅಷ್ಟೆ. ಪಿನ್ನಿನಲ್ಲಿ ಆಟವಿದ್ದರೆ ಅರ್ಧ ಆಕ್ಸಲ್ ಪಕ್ಕಕ್ಕೆ ಸರಿಯುತ್ತದೆ, ಟೈ ರಾಡಿನ ಉದ್ದ ಬದಲಾಗುವುದಿಲ್ಲ. ಹಾಗಾಗಿ ಪ್ರತಿ ಸರಿದಾಟಕ್ಕೂ ಟೋ (ಮೇಲಿನಿಂದ ನೋಡಿದಾಗ ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವುದು) ಬದಲಾಗುತ್ತದೆ. ನಡುಕದ ಮೊದಲ ಕಾರಣ ಅಲ್ಲೇ ಇದೆ.

ಬಿಚ್ಚುವಾಗ ಎಚ್ಚರ. ಸ್ಟ್ಯಾಂಡ್ ಚಾಸಿ ಕೆಳಗಿರಲಿ, ಪ್ರತಿ ಅರ್ಧ ಆಕ್ಸಲ್ ಕೆಳಗೂ ಒಂದೊಂದು ಜಾಕ್ ಇಟ್ಟು ನಿಧಾನವಾಗಿ ಇಳಿಸಿ. ಸ್ಪ್ರಿಂಗಿನ ಬಿಗಿ ಪೂರ್ತಿ ಇಳಿಯದೆ ಶ್ಯಾಕಲ್ (ಸ್ಪ್ರಿಂಗಿನ ತುದಿಯನ್ನು ಆಕ್ಸಲಿಗೆ ಸೇರಿಸುವ ಕೊಂಡಿ) ಮುಟ್ಟಬೇಡಿ. ಪಟ್ಟಿಗಳನ್ನು ಬಿಡಿಸುವುದಾದರೆ ನಡು ಬೋಲ್ಟಿನ ಎರಡೂ ಬದಿಗೆ ಸಿ-ಕ್ಲ್ಯಾಂಪ್ ಬಿಗಿದೇ ನಟ್ ತೆಗೆಯಿರಿ, ಇಲ್ಲವಾದರೆ ಪಟ್ಟಿ ಚಿಮ್ಮುತ್ತದೆ.

ಆಮೇಲೆ ಬ್ರಾಕೆಟ್ ನೋಡಿ. ಪಿನ್ ಬ್ರಾಕೆಟ್ಟಿನಲ್ಲಿ ಅಲುಗದೆ ನಿಲ್ಲಬೇಕು, ತಿರುಗಾಟವೆಲ್ಲ ಬುಷ್‌ನೊಳಗೇ ನಡೆಯಬೇಕು. ಬ್ರಾಕೆಟ್ಟಿನ ತೂತು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಹೊಸ ಬುಷ್ ಹಾಕಿಯೂ ಉಪಯೋಗವಿಲ್ಲ. ಎರಡೂ ತೂತನ್ನು ಒಂದೇ ಸೆಟಪ್‌ನಲ್ಲಿ ಬೋರ್ ಮಾಡಿ ಸ್ಲೀವ್ ಹಾಕಿಸಿ. ಬುಷ್‌ಗೆ ಫಾಸ್ಫರ್ ಬ್ರಾಂಜ್. ಒತ್ತಿ ಕೂರಿಸಿದ ಮೇಲೆ ರೀಮರ್ ಆಡಿಸಿ, ಪಿನ್ನಿಗೂ ಬುಷ್‌ಗೂ 0.03–0.05 ಮಿ.ಮೀ. ಸಂದು ಬಿಡಿ. ಗ್ರೀಸ್ ತೂತು ನಿಪ್ಪಲ್‌ಗೆ ಸರಿಯಾಗಿ ಎದುರಾಗಿರಲಿ.

ದಾರದಳತೆ:
ಬ್ರಾಕೆಟ್ ಬಗ್ಗೆ ಹೇಳಿದ್ದೆಲ್ಲ ಒಪ್ಪುತ್ತೇನೆ, ಆದರೆ ಈ ಗಾಡಿಗೆ ಸಾದಾ ಕಂಚಿನ ಬುಷ್ ಬೇಡ. ರೇಡಿಯಸ್ ಆರ್ಮಿನ ಹಿಂದಿನ ತುದಿ ಚಾಸಿ ರೈಲಿನಲ್ಲಿದೆ ಎಂದಿದ್ದಾರೆ. ಅಂದರೆ ಅರ್ಧ ಆಕ್ಸಲ್ ತೂಗುವುದು ನಡು ಪಿನ್ನಿನ ನೇರದಲ್ಲಲ್ಲ. ಪಿನ್ನಿನಿಂದ ಹಿಂದಿನ ಬಾಲ್‌ಗೆ ಎಳೆದ ಓರೆ ಗೆರೆಯ ಮೇಲೆ. ಬಾಲ್ 800 ಮಿ.ಮೀ. ಹಿಂದೆ, 330 ಮಿ.ಮೀ. ಹೊರಗೆ ಇದ್ದರೆ ಓರೆ ಸುಮಾರು 22 ಡಿಗ್ರಿ. ನೇರ ಪಿನ್ನಿನ ಮೇಲೆ ಗಟ್ಟಿ ಬುಷ್ ಆ ಓರೆಯಲ್ಲಿ ತಿರುಗಲಾರದು, ಒಳಗೇ ತಿಣುಕಾಡಿ ಎರಡೂ ಬಾಯಿ ಅಗಲವಾಗುತ್ತದೆ. ಹಳೆ ಬುಷ್ ಬಿಚ್ಚಿ ನೋಡಿ: ಮುಂದಿನ ಬಾಯಿ ಒಂದು ಕಡೆಗೆ, ಹಿಂದಿನದು ಅದರ ಎದುರು ಕಡೆಗೆ ಸವೆದಿದ್ದರೆ ಇದೇ ಕಾರಣ.

ಇಲ್ಲಿ ಬೇಕಾದದ್ದು ಉಕ್ಕಿನ ಸ್ಲೀವಿಗೆ ಅಂಟಿಸಿದ ರಬ್ಬರ್ ಬುಷ್, ಅಥವಾ ಗೋಳಾಕಾರದ ಬೇರಿಂಗ್. ರಬ್ಬರ್ ಹಾಕಿದರೆ ನಟ್ಟಿನ ಕೊನೆಯ ಬಿಗಿತ ಗಾಡಿ ತನ್ನ ಭಾರದಲ್ಲಿ ನೆಲದ ಮೇಲೆ ನಿಂತಾಗಲೇ ಆಗಬೇಕು. ಜಾಕ್ ಮೇಲೆ ಚಕ್ರ ಜೋತಾಡುವಾಗ ಬಿಗಿದರೆ, ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ನಿಲ್ಲುತ್ತದೆ, ಬೇಗ ಹರಿಯುತ್ತದೆ.

ಇನ್ನು ಟೈ ರಾಡ್. ಗುಂಡಿಯಲ್ಲಿ ಎಳೆಯುವುದಕ್ಕೆ ಅದೇ ಮೂಲ. ಚಕ್ರ ಸುಮಾರು 500 ಮಿ.ಮೀ. ತ್ರಿಜ್ಯದಲ್ಲಿ ತೂಗಿದರೆ, ಒಂದೇ ತುಂಡಿನ ರಾಡ್ ಅದರ ಎರಡರಷ್ಟು ತ್ರಿಜ್ಯದಲ್ಲಿ ತೂಗುತ್ತದೆ. ಚಕ್ರ 50 ಮಿ.ಮೀ. ಏರಿದಾಗ ಎರಡರ ನಡುವಿನ ವ್ಯತ್ಯಾಸ 1.25 ಮಿ.ಮೀ. ಸ್ಟೀರಿಂಗ್ ಆರ್ಮ್ 130 ಮಿ.ಮೀ. ಇದ್ದರೆ ಟೈರಿನ ಅಂಚಿನಲ್ಲಿ ಅದು ಸುಮಾರು 6 ಮಿ.ಮೀ. ಟೋ. ಇದನ್ನು ಯಾವ ಅಲೈನ್‌ಮೆಂಟೂ ಸರಿಪಡಿಸದು. ರಾಡನ್ನು ಮೂರು ತುಂಡು ಮಾಡಿ, ನಡುವಿನದನ್ನು ಐಡ್ಲರ್ ಆರ್ಮಿನಿಂದ (ಚಾಸಿಗೆ ಕಟ್ಟಿದ, ತಿರುಗುವ ಆಸರೆ ತೋಳು) ಹಿಡಿಸಬೇಕು. ಒಳಬದಿಯ ಬಾಲ್ ಎಲ್ಲಿರಬೇಕು ಎಂಬುದಕ್ಕೆ ನಡು ಪಿನ್ನಿನಿಂದ ರೇಡಿಯಸ್ ಆರ್ಮಿನ ಬಾಲ್‌ವರೆಗೆ ದಾರ ಕಟ್ಟಿ. ಸ್ಟೀರಿಂಗ್ ನೇರವಿರುವಾಗ ಒಳಬಾಲ್ ಆ ದಾರದ ಮೇಲೇ ಬೀಳಬೇಕು.

ಕಟ್ಟಿದ ಮೇಲೆ ಸ್ಪ್ರಿಂಗ್ ತೆಗೆದು ಪರೀಕ್ಷಿಸಿ. ಜಾಕಿನಿಂದ 25 ಮಿ.ಮೀ. ಹಂತಗಳಲ್ಲಿ ಮೇಲೆ 50, ಕೆಳಗೆ 50 ಆಡಿಸಿ ಟೋ ಬರೆದುಕೊಳ್ಳಿ. ಏರಿದಾಗ ಒಂದು ಕಡೆ, ಇಳಿದಾಗ ಇನ್ನೊಂದು ಕಡೆ ಹೋದರೆ ಬಾಲ್‌ನ ಎತ್ತರ ತಪ್ಪು. ಎರಡರಲ್ಲೂ ಒಂದೇ ಕಡೆ ಹೋದರೆ ರಾಡಿನ ಉದ್ದ ತಪ್ಪು.

ಹಳೆಬಂಡಿ:
ಬುಷ್ ಬಿಚ್ಚಿದೆ, ಎರಡೂ ಬಾಯಿ ಎದುರುಬದುರಾಗಿ ಸವೆದಿವೆ. ರಬ್ಬರೇ ಹಾಕುತ್ತೇನೆ. ಎಡ ಟೈರಿನ ಒಳ ಅಂಚಿಗೆ ಏನು ಮಾಡಲಿ? ಆಕ್ಸಲಿನ ಕಣ್ಣಿನ ಹಳೆ ವೆಲ್ಡ್ ನಂಬಬಹುದೇ?

ಪಟ್ಟಾಸ್ಪ್ರಿಂಗ್:
ಟೈರಿಗೆ ಮೊದಲು ಎತ್ತರ ಅಳೆಯಿರಿ. ಎರಡೂ ಟೈರಿನ ಗಾಳಿ ಸಮ ಮಾಡಿ, ಮಟ್ಟಸ ನೆಲದಲ್ಲಿ ಪಿನ್ನಿನ ನಡುವಿನಿಂದ ನೆಲಕ್ಕೆ, ಚಕ್ರದ ಹಬ್‌ನ ನಡುವಿನಿಂದ ನೆಲಕ್ಕೆ ಅಳತೆ ತೆಗೆಯಿರಿ. ತೂಗುವ ಆಕ್ಸಲಿನಲ್ಲಿ ಕ್ಯಾಂಬರ್ (ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲುವುದು) ಎತ್ತರಕ್ಕೆ ಅಂಟಿಕೊಂಡಿದೆ: ಚಕ್ರ 570 ಮಿ.ಮೀ. ಹೊರಗಿದ್ದರೆ 25 ಮಿ.ಮೀ.ಗೆ ಎರಡೂವರೆ ಡಿಗ್ರಿ. ಎಡಗಡೆ ಪಟ್ಟಿ ಕುಸಿದಿದ್ದರೆ ಚಕ್ರದ ತಲೆ ಒಳಕ್ಕೆ ವಾಲಿ ಒಳ ಅಂಚು ತಿನ್ನುತ್ತದೆ. ಯು-ಬೋಲ್ಟ್ ಸಡಿಲವಾಗಿ ಸ್ಪ್ರಿಂಗ್ ಪಕ್ಕಕ್ಕೆ ಸರಿದಿದೆಯೇ, ನಡು ಬೋಲ್ಟ್ ತುಂಡಾಗಿದೆಯೇ ಎಂದೂ ನೋಡಿ. ಸ್ಪ್ರಿಂಗಿಗೆ ಮತ್ತೆ ಕಮಾನು ಕೊಡಿಸಿ ಎತ್ತರ ಸರಿಮಾಡಿ. ಆಕ್ಸಲನ್ನು ಕಾಯಿಸಿ ಬಗ್ಗಿಸುವ ಕೆಲಸಕ್ಕೆ ಯಾರನ್ನೂ ಬಿಡಬೇಡಿ.

ಚಕ್ರ ಕೆಳಗೆ ಜೋತುಬೀಳುವುದಕ್ಕೂ ಮಿತಿ ಬೇಕು. 50 ಮಿ.ಮೀ. ಇಳಿದರೆ ಐದು ಡಿಗ್ರಿ ಹೊರವಾಲು, ತಿರುವಿನಲ್ಲಿ ಅದು ಅಪಾಯ. ದಪ್ಪ ಕ್ಯಾನ್ವಾಸ್ ಪಟ್ಟಿ ಕಟ್ಟಿ ಅಷ್ಟಕ್ಕೇ ನಿಲ್ಲಿಸಿ.

ವೆಲ್ಡನ್ನು ಕಣ್ಣಿನಿಂದ ನೋಡಿ ನಂಬಬಾರದು. ಬಣ್ಣವೆಲ್ಲ ತೆಗೆದು, ಬಣ್ಣದ ದ್ರವ ಇಂಗಿಸುವ ಪರೀಕ್ಷೆಯೋ ಕಾಂತೀಯ ಪುಡಿಯ ಪರೀಕ್ಷೆಯೋ ಮಾಡಿಸಿ. ಬಿರುಕು ಹೆಚ್ಚಾಗಿ ವೆಲ್ಡಿನ ಅಂಚಿನಲ್ಲಿ, ಮೂಲ ಆಕ್ಸಲ್ ಶುರುವಾಗುವ ಜಾಗದಲ್ಲಿ ಬರುತ್ತದೆ. ಕುಲುಮೆಯಲ್ಲಿ ಬಡಿದು ಮಾಡಿದ ಆಕ್ಸಲನ್ನು ತಣ್ಣಗಿರುವಾಗಲೇ ವೆಲ್ಡ್ ಮಾಡಿದ್ದರೆ ಆ ಪಟ್ಟೆ ಪೆಡಸಾಗಿರುತ್ತದೆ. ಬಿರುಕು ಕಂಡರೆ ಮೇಲೆ ಇನ್ನೊಂದು ವೆಲ್ಡ್ ಹೊಡೆಯಬೇಡಿ, ಆ ಅರ್ಧವನ್ನೇ ಬದಲಿಸಿ.

ಕೊನೆಗೆ ಹೊಂದಾಣಿಕೆ ಈ ಕ್ರಮದಲ್ಲಿ: ಗಾಳಿ, ಎತ್ತರ, ಕ್ಯಾಂಬರ್, ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಕಿಂಗ್‌ಪಿನ್ನಿನ ಓರೆ), ಟೋ. ಟೋ-ಇನ್ 1.5ರಿಂದ 3 ಮಿ.ಮೀ. ಸಾಕು. ಚಕ್ರಗಳ ಬ್ಯಾಲೆನ್ಸ್ ತಪ್ಪದೆ ಮಾಡಿಸಿ. ತಿರುಗುವ ಚಕ್ರದ ಕ್ಯಾಂಬರ್ ಬದಲಾದಾಗಲೆಲ್ಲ ಅದು ಕಿಂಗ್‌ಪಿನ್ ಸುತ್ತ ತಿರುಗಲು ನೋಡುತ್ತದೆ, ಈ ಒದೆತ ತೂಗುವ ಆಕ್ಸಲಿನಲ್ಲಿ ಪೂರ್ತಿ ಹೋಗುವುದಿಲ್ಲ. ಇಷ್ಟಾದ ಮೇಲೂ ನಡುಕ ಉಳಿದರೆ ಆಗ ಡ್ಯಾಂಪರ್ ಹಾಕಿ. ಗಾಡಿಯಲ್ಲಿ ಸರಳಿನಿಂದ ಎಳೆಯುವ ರಾಡ್ ಬ್ರೇಕ್ ಇನ್ನೂ ಇದ್ದರೆ, ಚಕ್ರ ಮೇಲೆ ಕೆಳಗೆ ಆಡಿಸುವಾಗಲೇ ಒಮ್ಮೆ ಕೈಯಿಂದ ತಿರುಗಿಸಿ ನೋಡಿ: ರಾಡ್ ಎಳೆದುಕೊಂಡು ಬ್ರೇಕ್ ತಾನಾಗಿ ಹಿಡಿಯಬಾರದು.