ಸಭೆಯವರ ಸಾಲಕ್ಕೆ ಶ್ಯೂರಿಟಿ ಸೈನ್ ಹಾಕ್ಬಹುದಾ? ವಾಕ್ಯ ಏನ್ ಹೇಳುತ್ತೆ?

ಸಾಸಿವೆಕಾಳು:

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ಒಂದು ವಿಷಯಕ್ಕೆ ಮನಸ್ಸಿಗೆ ಸಮಾಧಾನನೇ ಇಲ್ಲ, ದಯವಿಟ್ಟು ಯಾರಾದ್ರೂ ತಿಳಿದವರು ಹೇಳಿ.

ನಾನು ಸರ್ಕಾರಿ ಹೈಸ್ಕೂಲ್ ಟೀಚರ್. ನಮ್ಮ ಸಭೆಯಲ್ಲಿ, ಅಂದ್ರೆ ಚರ್ಚಲ್ಲಿ, ಒಬ್ರು ಬ್ರದರ್ ಇದಾರೆ, ಬೇರೆಯವರ ಶಾಪಲ್ಲಿ ವೆಲ್ಡಿಂಗ್ ಕೆಲಸ ಮಾಡ್ತಾರೆ, ತುಂಬಾ ಒಳ್ಳೆಯವರು, ಪ್ರಾರ್ಥನೆ ತಪ್ಪಿಸಲ್ಲ. ಈಗ ಸ್ವಂತ ಶಾಪ್ ಹಾಕ್ಬೇಕು ಅಂತ ಸೊಸೈಟಿಲಿ 5 ಲಕ್ಷ ಲೋನಿಗೆ ಹಾಕಿದಾರೆ, ಅದಕ್ಕೆ ಸಂಬಳ ಬರೋ ಇಬ್ಬರ ಜಾಮೀನು ಬೇಕಂತೆ. ಸಭೆಯಲ್ಲಿ ಸರ್ಕಾರಿ ನೌಕರಿಯಲ್ಲಿರೋರು ನಾವು ಮೂರ್ನಾಲ್ಕು ಜನ ಅಷ್ಟೇ. ಅವರ ಮಿಸೆಸ್ ಮನೆಗೇ ಬಂದು ಫಾರಂ ಕೊಟ್ಟು ಹೋಗಿದಾರೆ, ಎಲ್ಲೆಲ್ಲಿ ಸೈನ್ ಹಾಕ್ಬೇಕೋ ಅಲ್ಲಲ್ಲಿ ಪೆನ್ಸಿಲಲ್ಲಿ ಇಂಟು ಮಾರ್ಕ್ ಕೂಡ ಹಾಕಿದೆ, ಜೊತೆಗೆ ಮೂರು ತಿಂಗಳ ಸ್ಯಾಲರಿ ಸ್ಲಿಪ್ ಬೇಕು ಅಂದ್ರು. ಅವ್ರು ಕೂತು ಅತ್ತಿದ್ದು ನೋಡಿ ನನಗೆ ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ, ನೋಡ್ತೀನಿ ಅಂದೆ.

ನಮ್ಮ ಯಜಮಾನರು ಖಡಾಖಂಡಿತವಾಗಿ ಬೇಡ ಅಂತಾರೆ. ಆದ್ರೆ ಮತ್ತಾಯ 5:42ರಲ್ಲಿ ಕೇಳಿದವರಿಗೆ ಕೊಡು, ಸಾಲ ಕೇಳಿ ಬಂದವರಿಗೆ ಮುಖ ತಿರುಗಿಸಬೇಡ ಅಂತ ಕರ್ತನೇ ಹೇಳಿದಾರಲ್ವಾ, ಗಲಾತ್ಯ 6:2ರಲ್ಲಿ ಒಬ್ಬರ ಭಾರ ಒಬ್ಬರು ಹೊತ್ಕೊಳ್ಳಿ ಅಂತಿದೆ. ಸೈನ್ ಹಾಕದೇ ಇದ್ರೆ ಭಾನುವಾರ ಅವರ ಪಕ್ಕದಲ್ಲಿ ನಿಂತು ಕರ್ತನ ಭೋಜನ ಹೇಗೆ ತಗೊಳ್ಳಲಿ? ಹಾಕಿದ್ರೆ ಮನೆಯಲ್ಲಿ ಜಗಳ. ಏನ್ ಮಾಡ್ಲಿ ಹೇಳಿ.

ಒಲಿವ್ ಎಲೆ:

ಸಿಸ್ಟರ್, ಜ್ಞಾನೋಕ್ತಿಗಳು 6ನೇ ಅಧ್ಯಾಯದ ಮೊದಲ 5 ವಚನ, ಆಮೇಲೆ 11:15, 17:18, 22:26-27 ಇವಿಷ್ಟನ್ನೂ ಒಂದೇ ಸಲ ಕೂತು ಓದಿ. ಸಾಲಕ್ಕೆ ಹೊಣೆ ನಿಲ್ಲೋದ್ರ ಬಗ್ಗೆ ಇಷ್ಟು ಸಲ ಎಚ್ಚರಿಕೆ ಕೊಟ್ಟಿದೆ ಅಂದ್ರೆ ಅದು ಸಣ್ಣ ವಿಷಯ ಅಲ್ಲ. 22:27 ನನಗೆ ಬಾಯಿಪಾಠ ಆಗ್ಬಿಟ್ಟಿದೆ, ತೀರಿಸೋಕೆ ನಿನ್ನ ಹತ್ರ ಇಲ್ಲದೇ ಇದ್ರೆ ನೀನು ಮಲಗೋ ಹಾಸಿಗೆನೇ ಯಾಕೆ ಎಳ್ಕೊಂಡು ಹೋಗೋ ಹಾಗೆ ಮಾಡ್ಕೋತೀಯಾ ಅಂತ ಅಲ್ಲಿ ಕೇಳುತ್ತೆ.

ನಮ್ಮ ಅಪ್ಪ ಹೀಗೇ ಸಭೆಯವರೊಬ್ಬರಿಗೆ ಜಾಮೀನು ನಿಂತಿದ್ರು. ಅವ್ರು ಮೋಸಗಾರರಲ್ಲ, ವ್ಯಾಪಾರ ಬಿದ್ದೋಯ್ತು ಅಷ್ಟೇ, ಊರು ಬಿಟ್ರು. ನೋಟಿಸ್ ನಮ್ಮ ಮನೆಗೆ ಬಂತು, ಆಮೇಲೆ ಕೋರ್ಟಿಂದ ಅಪ್ಪನ ಸಂಬಳ ಅಟ್ಯಾಚ್ ಆಯ್ತು, ಅಂದ್ರೆ ಸಾಲಕ್ಕೆ ಅಂತ ಸಂಬಳದಲ್ಲೇ ಹಿಡ್ಕೊಳ್ಳೋಕೆ ಶುರು ಮಾಡಿದ್ರು. ಧರ್ಮೋಪದೇಶಕಾಂಡ 24:10-11ರಲ್ಲಿ ಸಾಲ ಕೊಟ್ಟವನು ಒತ್ತೆ ತಗೊಳ್ಳೋಕೆ ಸಾಲಗಾರನ ಮನೆಯೊಳಗೆ ನುಗ್ಗಬಾರದು, ಹೊರಗೆ ನಿಂತಿರಬೇಕು ಅಂತಿದೆ ಅಲ್ವಾ, ನಮ್ಮನೆಗೆ ವಸೂಲಿಗೆ ಬರ್ತಿದ್ದವರು ಹಾಲಲ್ಲಿ ಬಂದು ಕೂತು ಟಿವಿ ಎಷ್ಟು ಬೆಲೆ, ಫ್ರಿಜ್ ಯಾವಾಗ ತಗೊಂಡಿದ್ದು ಅಂತ ಅಮ್ಮನ್ನ ಕೇಳೋರು, ಅಮ್ಮ ಸೆರಗು ಹಿಡ್ಕೊಂಡು ಅಡಿಗೆಮನೆ ಬಾಗಿಲಲ್ಲೇ ನಿಂತಿರೋರು. ಅಕ್ಕನ ಮದುವೆಗೆ ಅಂತ ಎತ್ತಿಟ್ಟಿದ್ದೆಲ್ಲಾ ಹೋಯ್ತು. ಅದಕ್ಕಿಂತ ಹೆಚ್ಚಿನ ನೋವು ಏನಂದ್ರೆ ಆ ಕುಟುಂಬ ಮತ್ತೆ ಯಾವತ್ತೂ ಚರ್ಚಿಗೆ ಬರಲಿಲ್ಲ, ನಮ್ಮ ಮುಖ ನೋಡೋಕೆ ಅವರಿಗಾಗಲಿಲ್ಲ. ಅಪ್ಪ ಬರೀ ದುಡ್ಡು ಕೊಟ್ಟಿದ್ದಿದ್ರೆ ಅವ್ರು ಇವತ್ತಿಗೂ ಬರ್ತಿದ್ರು ಅಂತ ನನಗನ್ಸುತ್ತೆ.

ದಾವೀದನ ಕವಣೆ:

ಎಲ್ಲರಿಗೂ ಪ್ರೈಸ್ ದ ಲಾರ್ಡ್ ರೀ. ನಾ ಸ್ವಲ್ಪ ಬ್ಯಾರೆ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಜ್ಞಾನೋಕ್ತಿ ಒಂದನ್ನ ಹಿಡಕೊಂಡು ಎಲ್ಲಾರೂ ಕೈ ತೊಳಕೊಂಡ್ರ ಬಡವ್ರು ಎಲ್ಲಿಗೆ ಹೋಗ್ಬೇಕ್ರಿ? ಯೆಹೂದ ಬೆನ್ಯಾಮೀನನ ಸಲುವಾಗಿ ನಾನೇ ಹೊಣೆ ಅಂತ ಅಪ್ಪನ ಮುಂದ ನಿಂತ, ಆದಿಕಾಂಡ 43:9 ನೋಡ್ರಿ. ಪೌಲ ಫಿಲೆಮೋನಗ ಏನ್ ಬರದ? ನಿನ್ನ ಆಳು ಒನೇಸಿಮ ನಿನಗ ಏನರ ಕೊಡೋದಿದ್ರ ನನ್ನ ಲೆಕ್ಕಕ್ಕ ಹಚ್ಚು, ನಾ ತೀರಸ್ತೀನಿ ಅಂತ ಸ್ವಂತ ಕೈಯಿಂದ ಬರದ. ಇಬ್ರಿಯ 7:22ರಾಗ ಯೇಸುವನ್ನೇ ಹೊಣೆಗಾರ ಅಂತ ಕರದೈತಿ. ನಮ್ಮ ಸಾಲಕ್ಕ ಕರ್ತ ಸೈನ್ ಹಾಕದಿದ್ರ ನಾವು ಎಲ್ಲಿ ಇರ್ತಿದ್ವಿ? ಸಂಬಳದಾರ್ರು ಸೈನ್ ಹಾಕಂಗಿಲ್ಲ ಅಂದ್ರ ಆ ಬ್ರದರ್ ನಾಳೆ ಮೀಟರ್ ಬಡ್ಡಿಯವ್ರ ಕಡೆ ಹೋಗ್ತಾನ, ಆ ಪಾಪ ಯಾರ ಮ್ಯಾಲೆ?

ರಿಟೈರ್ಡ್ ಮ್ಯಾನೇಜರ್:

ಬ್ರದರ್ ಹೇಳಿದ ಕೊನೆ ಮಾತು ನಿಜ, ಅದನ್ನ ಯಾರೂ ಹಗುರವಾಗಿ ತಗೋಬಾರ್ದು. ವಾಕ್ಯದ ವಿಷಯ ತಿಳಿದವರು ಹೇಳ್ತಾರೆ, ನಾನು ಬ್ಯಾಂಕಲ್ಲಿ ಲೋನ್ ಸೆಕ್ಷನಲ್ಲಿ ಇದ್ದವನು, ಆ ಫಾರಂನಲ್ಲಿ ಇರೋದು ಏನು ಅಂತ ಮಾತ್ರ ಹೇಳ್ತೀನಿ ಮಗಳೇ, ಯಾಕಂದ್ರೆ ಸೈನ್ ಹಾಕೋ ಹತ್ತರಲ್ಲಿ ಒಂಬತ್ತು ಜನ ಅದನ್ನ ಓದಲ್ಲ.

ಜಾಮೀನು ಅಂದ್ರೆ "ಈತ ಒಳ್ಳೆ ಮನುಷ್ಯ" ಅಂತ ಸರ್ಟಿಫಿಕೇಟ್ ಕೊಡೋದು ಅಂತ ಜನ ತಿಳ್ಕೊಂಡಿದಾರೆ. ಅಲ್ಲ. 1872ರ ಕಾಂಟ್ರಾಕ್ಟ್ ಆಕ್ಟಿನ 128ನೇ ಸೆಕ್ಷನ್ ಪ್ರಕಾರ ಫಾರಂನಲ್ಲಿ ಬೇರೆ ಥರ ಬರೆಯದೇ ಇದ್ರೆ ಸಾಲಗಾರನಿಗೆ ಎಷ್ಟು ಹೊಣೆ ಇದೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ, ಅಸಲು ಬಡ್ಡಿ ಸಮೇತ. ಮೊದಲು ಅವನತ್ರ ವಸೂಲಿ ಮಾಡಿ, ಆಗಲಿಲ್ಲ ಅಂದ್ರೆ ನನ್ನತ್ರ ಬನ್ನಿ ಅನ್ನೋ ಹಾಗಿಲ್ಲ, ಬ್ಯಾಂಕ್ ಆಫ್ ಬಿಹಾರ್ ಕೇಸಲ್ಲಿ ಸುಪ್ರೀಂ ಕೋರ್ಟೇ ಇದನ್ನ ಹೇಳಿದೆ. ಇಬ್ಬರು ಜಾಮೀನುದಾರರು ಇದ್ರೆ ಅರ್ಧರ್ಧ ಅಂತ ಇನ್ನೊಂದು ತಪ್ಪು ಕಲ್ಪನೆ, ಆ ಅರ್ಧದ ಲೆಕ್ಕ ನೀವಿಬ್ರು ಆಮೇಲೆ ನಿಮ್ಮಿಬ್ಬರ ಮಧ್ಯೆ ಮಾಡ್ಕೋಬೇಕು, ಸೊಸೈಟಿ ಪೂರ್ತಿ ದುಡ್ಡನ್ನ ಯಾರ ಸಂಬಳ ಸುಲಭವಾಗಿ ಸಿಗುತ್ತೋ ಅವರಿಂದಲೇ ಕೇಳ್ಬಹುದು. ಅದಕ್ಕೇ ಸರ್ಕಾರಿ ನೌಕರರನ್ನ ಹುಡುಕೋದು. ಕೋರ್ಟ್ ಡಿಕ್ರಿ ಆದ್ರೆ ಸಂಬಳದಲ್ಲಿ ಮೊದಲ 1000 ರೂಪಾಯಿ, ಉಳಿದಿದ್ದರಲ್ಲಿ ಮೂರರಲ್ಲಿ ಎರಡು ಭಾಗ ಬಿಟ್ಟು ಮಿಕ್ಕಿದ್ದನ್ನ ಅಟ್ಯಾಚ್ ಮಾಡ್ಬಹುದು. ನಾಳೆ ನೀವೇ ಮನೆ ಕಟ್ಟೋಕೆ ಲೋನಿಗೆ ಹೋದ್ರೆ ಈ ಜಾಮೀನು ನಿಮ್ಮ ಸಾಲದ ಇತಿಹಾಸ ತೋರಿಸೋ ಸಿಬಿಲ್ ರಿಪೋರ್ಟಲ್ಲಿ ಕಾಣಿಸ್ಬಹುದು.

ನೀವು ಕಟ್ಟಿದ ಮೇಲೆ ಆ ದುಡ್ಡನ್ನ ಸಾಲಗಾರನಿಂದ ವಾಪಸ್ ಕೇಳೋ ಹಕ್ಕು ಕಾನೂನಲ್ಲಿ ಇದೆ, 145ನೇ ಸೆಕ್ಷನ್. ಆದ್ರೆ ಒಂದೇ ಸಭೆಯವರ ಮೇಲೆ ನೀವು ಕೋರ್ಟಿಗೆ ಹೋಗ್ತೀರಾ? ವಿಶ್ವಾಸಿಗಳು ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗಬಾರದು ಅನ್ನೋ 1 ಕೊರಿಂಥ 6 ಓದಿದವರು ಹೋಗೋದು ಕಷ್ಟ. ಹಾಗಾಗಿ ಆ ಹಕ್ಕು ನಿಮಗೆ ಇದ್ದೂ ಇಲ್ಲದ ಹಾಗೆ.

ಇನ್ನೊಂದು, ವೆಲ್ಡಿಂಗ್ ಶಾಪಿಗೆ ಸಣ್ಣ ವ್ಯಾಪಾರದವರಿಗೆ ಅಂತ ಸರ್ಕಾರದ ಸ್ಕೀಮಲ್ಲಿ ಬ್ಯಾಂಕ್ ಕೊಡೋ ಮುದ್ರಾ ಲೋನ್ ಕೇಳ್ಬಹುದಲ್ಲ? ಅದಕ್ಕೆ ಆಸ್ತಿ ಅಡಮಾನ ಬೇಕಾಗಿಲ್ಲ, 5 ಲಕ್ಷ ಅದರ ಮಿತಿಯೊಳಗೇ ಬರುತ್ತೆ. ಅಲ್ಪಸಂಖ್ಯಾತ ಕುಶಲಕರ್ಮಿಗಳಿಗೆ ಶ್ರಮಶಕ್ತಿ ಅಂತ ಸರ್ಕಾರದ ಸ್ಕೀಮ್ ಇದೆ, ಕ್ರೈಸ್ತರು ಯಾವ ನಿಗಮದಲ್ಲಿ ಹಾಕ್ಬೇಕು ಅಂತ ಜಿಲ್ಲಾ ಆಫೀಸಲ್ಲಿ ವಿಚಾರಿಸಲಿ. ಇದನ್ನೆಲ್ಲ ಅವರಿಗೆ ಯಾರಾದ್ರೂ ಹೇಳಿದಾರಾ?

ಬಾವಿಕಟ್ಟೆ:

ಅಂಕಲ್ ಹೇಳಿದ್ಮೇಲೆ ಕಾನೂನಿನ ವಿಷಯ ಮುಗೀತು. ನಾನು ಕವಣೆ ಬ್ರದರ್‌ಗೆ ಉತ್ತರ ಕೊಡ್ತೀನಿ, ಯಾಕಂದ್ರೆ ಅವ್ರು ತಂದ ವಚನಗಳು ತೂಕ ಇರೋ ವಚನಗಳು, ಸುಮ್ನೆ ದಾಟಿ ಹೋಗೋ ಹಾಗಿಲ್ಲ.

ಫಿಲೆಮೋನ ಪತ್ರ ಮತ್ತೆ ಓದಿ ಬ್ರದರ್. ಒನೇಸಿಮನಿಂದ ಆಗಿದ್ದ ನಷ್ಟ ಇದ್ರೆ ಅದು ಆಗ್ಲೇ ಆಗಿಹೋದದ್ದು. ಪೌಲ ಅದನ್ನ ತಾನೇ ತೀರಿಸ್ತೀನಿ ಅಂದ. ಮುಂದೆ ಅವನು ವ್ಯಾಪಾರ ಮಾಡ್ತಾನೆ, ಅದು ಬಿದ್ರೆ ನಾನಿದೀನಿ ಅಂತ ಅವನು ಬರೆಯಲಿಲ್ಲ. ಯೆಹೂದನೂ ಅಷ್ಟೇ, ಹೊಣೆ ಅಂದವನು 44:33ರಲ್ಲಿ ಹುಡುಗನ ಬದಲು ನಾನೇ ಗುಲಾಮನಾಗಿ ಇರ್ತೀನಿ ಅಂತ ಮುಂದೆ ಬಂದ, ತನ್ನನ್ನೇ ಕೊಟ್ಟ, ಹೆಂಡ್ತಿ ಮಕ್ಕಳನ್ನ ಒತ್ತೆ ಇಡಲಿಲ್ಲ. ಕರ್ತನ ವಿಷಯಕ್ಕಂತೂ ಬಂದ್ರೆ ಆತ ಪೂರ್ತಿ ಬೆಲೆ ಗೊತ್ತಿದ್ದೇ ಹೊಣೆಯಾದದ್ದು, ಕೊಟ್ಟು ತೀರಿಸೋ ಶಕ್ತಿ ಆತನಿಗಿತ್ತು. ಸಿಸ್ಟರ್‌ಗೆ 5 ಲಕ್ಷ ಕೊಟ್ಟು ತೀರಿಸೋ ಶಕ್ತಿ ಇದ್ದು, ಯಜಮಾನರೂ ಒಪ್ಪಿ, ಹೋದ್ರೆ ಹೋಗ್ಲಿ ಅದು ಕಾಣಿಕೆ ಅಂತ ಇವತ್ತೇ ಮನಸ್ಸಲ್ಲಿ ಬಿಟ್ಟುಕೊಡೋಕೆ ಆದ್ರೆ ಸೈನ್ ಹಾಕ್ಲಿ, ನಾನು ಬೇಡ ಅನ್ನಲ್ಲ. ಅದಿಲ್ಲದೆ ಹಾಕೋ ಸೈನ್ ಇಲ್ಲದ ದುಡ್ಡನ್ನ ಇದೆ ಅಂತ ಮಾತು ಕೊಟ್ಟ ಹಾಗೆ.

2 ಕೊರಿಂಥ 8:12-13ರಲ್ಲಿ ಪೌಲನೇ ಇದಕ್ಕೆ ಅಳತೆ ಕೊಟ್ಟಿದಾನೆ. ನಿಮ್ಮ ಹತ್ರ ಏನಿದೆಯೋ ಅದರ ಪ್ರಕಾರ ಕೊಟ್ಟಿದ್ದು ಮೆಚ್ಚಿಕೆ, ಇಲ್ಲದ್ದರ ಪ್ರಕಾರ ಅಲ್ಲ, ಬೇರೆಯವರಿಗೆ ಆರಾಮಾಗಿ ನಿಮಗೆ ಕಷ್ಟ ಆಗ್ಲಿ ಅಂತ ನಾನು ಹೇಳ್ತಿಲ್ಲ ಅಂತಾನೆ. ಮತ್ತಾಯ 5:42ರಲ್ಲೂ ಕರ್ತ ಹೇಳಿದ್ದು ಕೊಡು ಅಂತ. ಕೊಡೋದು ಬೇರೆ, ಇನ್ನೊಬ್ರು ಕೊಟ್ಟ ಸಾಲಕ್ಕೆ ಸಂಬಳ ಅಡ ಇಡೋದು ಬೇರೆ ಸಿಸ್ಟರ್. ಕರ್ತನ ಆಜ್ಞೆಗೆ ನೀವು ವಿಧೇಯರಾಗಬೇಕು, ಸೊಸೈಟಿಯ ರೂಲಿಗಲ್ಲ.

2 ಅರಸುಗಳು 4ರ ವಿಧವೆ ಕಥೆ ಎಲ್ರಿಗೂ ಗೊತ್ತು, ಸಾಲ ಕೊಟ್ಟವನು ಎರಡು ಮಕ್ಕಳನ್ನೂ ಗುಲಾಮರಾಗಿ ಎಳ್ಕೊಂಡು ಹೋಗೋಕೆ ಬಂದಿದ್ದ. ಅಲ್ಲಿ ಅವಳ ಹತ್ರ ಇದ್ದ ಚೂರು ಎಣ್ಣೆ ಪಾತ್ರೆಗಳೆಲ್ಲಾ ತುಂಬೋಷ್ಟು ಹೆಚ್ಚಿ, ಅದನ್ನ ಮಾರಿ ಸಾಲ ತೀರಿಸಿದ್ದನ್ನೇ ಎಲ್ರೂ ಪ್ರಸಂಗದಲ್ಲಿ ಹೇಳ್ತಾರೆ, ನನಗೆ ಆ ಅಕ್ಕಪಕ್ಕದವರು ಬಹಳ ಇಷ್ಟ. ಯಾರೂ ಅವಳ ಸಾಲಕ್ಕೆ ಹೊಣೆ ನಿಲ್ಲಲಿಲ್ಲ, ಆದ್ರೆ ಬಾಗಿಲು ತಟ್ಟಿದಾಗ ಮನೇಲಿದ್ದ ಖಾಲಿ ಪಾತ್ರೆ ಕೊಟ್ರು. ಅಷ್ಟು ಪಾತ್ರೆ ಬರದೇ ಇದ್ದಿದ್ರೆ ಎಣ್ಣೆ ಎಲ್ಲಿ ತುಂಬೋದು?

ಹಾಗೇ ಸಭೆಯೆಲ್ಲಾ ಸೇರಿ ಮಾಡಿ. ನಮ್ಮಲ್ಲಿ ಒಬ್ಬ ಸಿಸ್ಟರ್‌ಗೆ ಸ್ತ್ರೀಯರ ಸಂಘದಿಂದ ಎರಡು ಹೊಲಿಗೆ ಮಿಷನ್ ಕೊಡಿಸಿದ್ವಿ, ಸಾಲ ಅಂತ ಅಲ್ಲ, ಇವತ್ತು ಅವ್ರೇ ಯೂನಿಫಾರಂ ಆರ್ಡರ್ ತಗೊಂಡು ಇನ್ನಿಬ್ಬರಿಗೆ ಕೆಲಸ ಕೊಟ್ಟಿದಾರೆ. ಆ ಬ್ರದರ್‌ಗೂ 5 ಲಕ್ಷದ ಶಾಪೇ ಮೊದಲು ಬೇಕಾ? ಒಂದು ವೆಲ್ಡಿಂಗ್ ಮಿಷನ್ನು, ಗ್ರೈಂಡರ್ರು, ಕಟರ್ರು ಇದ್ರೆ ಸೈಟಿಗೇ ಹೋಗಿ ಕೆಲಸ ಮಾಡ್ಬಹುದು. ಸಭೆಯಲ್ಲಿ ಮನೆ ಕಟ್ಟಿಸ್ತಿರೋರು ಗ್ರಿಲ್, ಗೇಟ್ ಕೆಲಸ ಇವರಿಗೇ ಕೊಡಲಿ, ಅಡ್ವಾನ್ಸ್ ಕೊಡಲಿ, ಅವರಿಗೆ ಇದು ದಾನಕ್ಕಿಂತ ಮರ್ಯಾದೆಯ ದಾರಿ.

ದಾವೀದನ ಕವಣೆ:

ಪಾತ್ರೆ ಮಾತು ಮನಸ್ಸಿಗೆ ಹತ್ತಿತ್ರಿ. ಆದ್ರ ಒಂದ್ ಮಾತು, ಎಲ್ಲಾ ಸಭೆಯಾಗೂ ಹಿಂಗ ಮಾಡಂಗಿಲ್ರೀ. ಸೈನೂ ಇಲ್ಲ, ಪಾತ್ರೆನೂ ಇಲ್ಲ, ಬರೇ ಪ್ರಾರ್ಥನಾ ಮಾಡ್ತೀವಿ ಅಂದು ಕಳಸ್ತಾರ. ಯಾಕೋಬ 2:15-16 ಅವ್ರಿಗೇ ಬರದಿದ್ದು. ಟೀಚರ್ ಅಕ್ಕಾರ, ನೀವು ಬ್ಯಾಡ ಅನ್ನೋದಾದ್ರ ಕೈಯಾಗ ಏನರ ಹಿಡಕೊಂಡು ಹೋಗಿ ಅನ್ರಿ.

ಸಾಸಿವೆಕಾಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ನಿನ್ನೆ ರಾತ್ರಿ ಯಜಮಾನರ ಜೊತೆ ಕೂತು ಎಲ್ಲಾ ಓದಿದೆ. ಇಬ್ಬರೂ ಸೇರಿ ನಮ್ಮ ಕೈಲಾಗೋದನ್ನ ವಾಪಸ್ ಕೇಳದ ಹಾಗೆ ಕೊಡೋಣ, ಸೈನ್ ಬೇಡ ಅಂತ ತೀರ್ಮಾನ ಮಾಡಿದ್ವಿ, ಯಜಮಾನರೇ ಮುದ್ರಾ ಬಗ್ಗೆ ಬ್ಯಾಂಕಲ್ಲಿ ವಿಚಾರಿಸೋಕೆ ಬ್ರದರ್ ಜೊತೆ ಹೋಗ್ತೀನಿ ಅಂದಿದಾರೆ. ನಮ್ಮ ಪಾಸ್ಟರ್ ಅಯ್ಯನವರ ಹತ್ರ ವೆಲ್ಡಿಂಗ್ ಮಿಷನ್ ವಿಷಯ ಮಾತಾಡ್ತೀನಿ. ಇಲ್ಲ ಅನ್ನೋದನ್ನ ಫೋನಲ್ಲಿ ಹೇಳಲ್ಲ, ಅವರ ಮನೆಗೇ ಹೋಗಿ ಇಬ್ಬರ ಮುಂದೆನೂ ಹೇಳ್ತೀನಿ, ಪ್ರಾರ್ಥನೆ ಮಾಡಿ.

ಅಂಕಲ್, ಒಂದು ಪ್ರಶ್ನೆ. ನಮ್ಮ ಸಭೆಯ ಇನ್ನೊಬ್ಬ ಟೀಚರ್ ಆಗ್ಲೇ ಸೈನ್ ಹಾಕಿ ಕೊಟ್ಟಿದಾರಂತೆ, ಲೋನ್ ಇನ್ನೂ ಸ್ಯಾಂಕ್ಷನ್ ಆಗಿಲ್ಲ. ಅವರು ಈಗ ಭಯ ಪಡ್ತಿದಾರೆ, ಏನಾದ್ರೂ ಮಾಡೋಕಾಗುತ್ತಾ?

ರಿಟೈರ್ಡ್ ಮ್ಯಾನೇಜರ್:

ದುಡ್ಡು ಇನ್ನೂ ಬಿಡುಗಡೆ ಆಗಿಲ್ಲ ಅಂದ್ರೆ ದಾರಿ ಇದೆ, ಆದ್ರೆ ತಡ ಮಾಡೋ ಹಾಗಿಲ್ಲ. ಜ್ಞಾನೋಕ್ತಿ 6:4 ಇಂಥವರಿಗೇ ಕಣ್ಣಿಗೆ ನಿದ್ದೆ ಕೊಡಬೇಡ ಅನ್ನೋದು. ನಾಳೆ ಬೆಳಿಗ್ಗೆನೇ ಸೊಸೈಟಿ ಸೆಕ್ರೆಟರಿಗೆ ನನ್ನ ಜಾಮೀನು ವಾಪಸ್ ತಗೋತಿದೀನಿ ಅಂತ ಬರವಣಿಗೆಯಲ್ಲಿ ಕೊಡಲಿ, ಬಾಯಿಮಾತು ಸಾಲದು. ಎರಡು ಕಾಪಿ ತಗೊಂಡು ಹೋಗಿ ಒಂದರ ಮೇಲೆ ಸೀಲು, ತಾರೀಕು, ಸ್ವೀಕರಿಸಿದವರ ಸಹಿ ಹಾಕಿಸ್ಕೊಂಡು ಬರ್ಲಿ, ತಗೊಳಲ್ಲ ಅಂದ್ರೆ ಸ್ಪೀಡ್ ಪೋಸ್ಟಲ್ಲಿ ರಿಜಿಸ್ಟ್ರೇಶನ್ ಮಾಡಿಸಿ ಕಳಿಸ್ಲಿ. ಕೊಟ್ಟಿದ್ದ ಸ್ಯಾಲರಿ ಸ್ಲಿಪ್, ಸಂಬಳದಿಂದ ಕಡಿತ ಮಾಡ್ಕೊಳ್ಳಿ ಅಂತ ಬರ್ಕೊಟ್ಟ ಪತ್ರ ಇದ್ರೆ ಅದನ್ನೂ ವಾಪಸ್ ಕೇಳ್ಲಿ. ದುಡ್ಡು ಸಾಲಗಾರನ ಕೈ ಸೇರಿದ ಮೇಲೆ ಹೀಗೆ ಒಬ್ಬರೇ ಹೊರಗೆ ಬರೋಕಾಗಲ್ಲ, ಬದಲಿ ಜಾಮೀನುದಾರರನ್ನ ಕೊಟ್ಟು ಸೊಸೈಟಿ ಒಪ್ಪಿದ್ರೆ ಮಾತ್ರ. ಸೊಸೈಟಿಗೆ ಹೋಗೋ ಮುಂಚೆ ಆ ಬ್ರದರ್‌ಗೆ ಒಂದು ಮಾತು ಹೇಳಿ ಹೋಗ್ಲಿ, ಕೌಂಟರಲ್ಲಿ ಬೇರೆಯವರ ಬಾಯಿಂದ ಅವರಿಗೆ ಗೊತ್ತಾಗೋದು ಬೇಡ.